ಕಂದು, ಕಪ್ಪು, ಹಸಿರು

ಭೀಮಸೇನ ಗಲಗಲಿ ಕಣ್ಣನ್ನು ನಂಬುವ ಪೈಕಿ ಅಲ್ಲ ಎಂಬ ಮಾತು ಓಢವ್‌ನ ಆ ಶೆಡ್ಡಿನಲ್ಲಿ ಹದಿನೆಂಟು ವರ್ಷ ಚಾಲ್ತಿಯಲ್ಲಿತ್ತು. ಓಢವ್ ಎಂದರೆ ಅಹಮದಾಬಾದಿನ ಪೂರ್ವದ ಕಾರ್ಖಾನೆಗಳ ಪ್ರದೇಶ. ಆ ಶೆಡ್ಡಿನಲ್ಲಿ ಫ್ರಿಜ್ಜಿಗೆ ಹಾಕುವ ಸ್ಟೆಬಿಲೈಸರ್ ತಯಾರಾಗುತ್ತಿದ್ದವು. ಗೋಧಿ ಕಾಳಿನಷ್ಟಿರುವ ರೆಸಿಸ್ಟರ್‌ನ ಮೈಮೇಲೆ ಬಣ್ಣಬಣ್ಣದ ಪಟ್ಟೆಗಳಿರುತ್ತವೆ. ಆ ಪಟ್ಟೆಗಳನ್ನು ಓದಿ ಅದು ಎಷ್ಟು ಓಮ್‌ನದು, ಅಂದರೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಹೇಳುವುದು ಈ ಕಸುಬಿನ ಅಕ್ಷರಾಭ್ಯಾಸ. ಉಳಿದವರೆಲ್ಲ ಹಾಗೆ ಓದುತ್ತಿದ್ದರು. ಭೀಮಸೇನ ಮಾತ್ರ ಪ್ರತಿಯೊಂದನ್ನೂ ಮೀಟರಿನ ವಯರು ತುದಿಯ ಎರಡು ಮುಳ್ಳುಗಳ ನಡುವೆ ಹಿಡಿದು, ಅಂಕಿ ನೋಡಿ, ಆಮೇಲೆ ಬಾಯಿ ಬಿಡುತ್ತಿದ್ದ. ಹೊಸಬರು ಬಂದರೆ ಧೀರಜಲಾಲ್ ಶೇಠ್ ಅವನ ಕಡೆ ಬೆರಳು ತೋರಿಸಿ, “ಭೀಮಭಾಯಿನ ನೋಡಿ ಕಲೀರಿ, ಅವರು ಮೀಟರ್ ಹೇಳದೆ ಮುಂದಕ್ಕೆ ಹೋಗೋರಲ್ಲ” ಎನ್ನುತ್ತಿದ್ದರು. ಅವನು ಆ ಹೊಗಳಿಕೆಯನ್ನು ಗಂಭೀರ ಮುಖ ಮಾಡಿಕೊಂಡು ಒಪ್ಪಿಕೊಳ್ಳುತ್ತಿದ್ದ.

ನಿಜ ಸಂಗತಿ ಬೇರೆ ಇತ್ತು. ಅವನಿಗೆ ಕೆಂಪು ಯಾವುದು, ಹಸಿರು ಯಾವುದು, ಕಂದು ಯಾವುದು ಎಂದು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಮೂರೂ ಒಂದೇ ಬಗೆಯ ಮಣ್ಣು ಬಣ್ಣ. ಹುಟ್ಟಿದಾಗಿನಿಂದ ಹಾಗೇ. ಅದು ಗೊತ್ತಾದದ್ದು ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹುಬ್ಬಳ್ಳಿಯಲ್ಲಿ, ರೈಲ್ವೆ ನೌಕರಿಯ ವೈದ್ಯಕೀಯ ಪರೀಕ್ಷೆಯ ದಿನ. ಡಾಕ್ಟರು ಚುಕ್ಕೆಗಳೇ ತುಂಬಿದ ಒಂದು ಪುಸ್ತಕ ತೆರೆದು, ಇದರಾಗ ಯಾವ ಅಂಕಿ ಅದ ಎಂದು ಕೇಳಿದರು. ಭೀಮಸೇನನಿಗೆ ಚುಕ್ಕೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಅವರು ಹಾಳೆ ತಿರುವಿದರು, ಮತ್ತೆ ತಿರುವಿದರು, ಆಮೇಲೆ ಪುಸ್ತಕ ಮುಚ್ಚಿ ಮುಂದಿನವನನ್ನು ಕರೆದರು. ಬಾಗಲಕೋಟೆಗೆ ಹಿಂದಿರುಗಿ ಅಪ್ಪನ ಮುಂದೆ, ಎದಿ ಅಳತಿ ಕಡಿಮಿ ಬಿತ್ತಂತ ಎಂದು ಸುಳ್ಳು ಹೇಳಿದ. ಆ ಸುಳ್ಳು ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಒಂದು ಸಲ ಮುಚ್ಚಿಟ್ಟದ್ದನ್ನು ಮತ್ತೆ ಬಿಚ್ಚುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಅಹಮದಾಬಾದಿನಲ್ಲಿ ಅಂಚೆ ಕಚೇರಿಯಲ್ಲಿದ್ದ ಸೋದರಮಾವನ ಮನೆಗೆ ಬಂದ, ರೇಡಿಯೊ ರಿಪೇರಿ ಕಲಿತ, ಮದುವೆಯಾದ, ಶೆಡ್ಡು ಸೇರಿದ. ಬಾಯಿ ಮಾತ್ರ ಬಿಡಲಿಲ್ಲ.

ಜಗತ್ತಿನಲ್ಲಿ ಎಷ್ಟೋ ಕಸುಬುಗಳಿವೆ. ಬಣ್ಣ ಕಾಣದ ಮನುಷ್ಯ ಬಣ್ಣ ಓದುವ ಕಸುಬಿಗೇ ಹೋಗಿ ಬೀಳುವುದೆಂದರೆ ಏನೆನ್ನಬೇಕು. ಆದರೆ ಅವನಿಗೆ ವಿದ್ಯುತ್ತಿನ ಮೇಲೆ ಮೋಹ ಹುಟ್ಟಿಬಿಟ್ಟಿತ್ತು, ಮೀಟರ್ ಅವನ ಮಾನ ಕಾಯುತ್ತಿತ್ತು. ಹೆಂಡತಿ ರಮಾಮಣಿ ಕೂಡ ಗಂಡನಿಗೆ ಸಂತೆ ವ್ಯವಹಾರ ತಿಳಿಯದೆಂದೇ ತಿಳಿದಿದ್ದಳು. ಅವನು ಕಾಯಿ ಟೊಮೆಟೊ ತಂದಾಗೆಲ್ಲ, “ಗಾಡಿಯವನು ಕೊಟ್ಟದ್ದನ್ನ ಹಂಗೇ ಚೀಲಕ್ಕ ಹಾಕ್ಕೊಂಡು ಬರ್ತೀರಿ, ಒಂದು ಸಲ ಕಣ್ಣು ಬಿಟ್ಟು ನೋಡಬಾರದೇನ್ರಿ” ಎಂದು ಗೊಣಗುತ್ತಿದ್ದಳು.

ಸುಲೋಚನಾ ಆ ಶೆಡ್ಡಿಗೆ ಬಂದದ್ದು ತೊಂಬತ್ತಾರರಲ್ಲಿ. ಗದಗಿನ ಹತ್ತಿರದ ರೋಣದವಳು. ಗಂಡ ಲಿಂಗರಾಜ ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ. ಗಿರಣಿ ಮುಚ್ಚಿದಾಗ ಮನೆ ನಡೆಯಲು ಅವಳೂ ದುಡಿಯಬೇಕಾಯಿತು. ಇಬ್ಬರೂ ಖೋಖರಾ ಬಡಾವಣೆಯಲ್ಲಿ ಭೀಮಸೇನನ ಮನೆಯ ಹಿಂದಿನ ಬೀದಿಯಲ್ಲೇ ಇದ್ದರು. ಕನ್ನಡದವಳು, ಕೈ ಚುರುಕು ಎಂದು ಶೇಠ್‌ಗೆ ಹೇಳಿ ಸೇರಿಸಿದವನು ಭೀಮಸೇನನೇ.

ಮೊದಲ ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಮಾಡಿದ. “ಇದು ರೆಸಿಸ್ಟರ್. ಕರೆಂಟಿಗೆ ಅಡ್ಡ ನಿಲ್ಲೋದು ಇದರ ಕೆಲಸ. ಇದು ಕೆಪಾಸಿಟರ್. ಒಂದು ಕೊಡ ಅಂತ ತಿಳ್ಕೋ. ಬಂದ ಕರೆಂಟನ್ನ ತುಂಬಿ ಇಟ್ಕೋತದ.”

“ಕೊಡ ತುಂಬಾಕ ಎಷ್ಟೊತ್ತು ಹಿಡಿತೈತ್ರಿ ಅಣ್ಣಾರ?”

“ನಳ ಎಷ್ಟು ಸಣ್ಣದು, ಕೊಡ ಎಷ್ಟು ದೊಡ್ಡದು, ಅದರ ಮ್ಯಾಲೆ. ರೆಸಿಸ್ಟರ್ ದೊಡ್ಡದಾದರ ನಳ ಸಣ್ಣದಾದಂಗ. ಹನಿ ಹನಿ ಬರ್ತದ, ಕೊಡ ನಿಧಾನ ತುಂಬ್ತದ.”

ಒಂದು ಬೋರ್ಡಿಗೆ ಕರೆಂಟು ಕೊಟ್ಟು, ಕೆಪಾಸಿಟರ್‌ಗೆ ಗಡಿಯಾರದಂಥ ಮುಳ್ಳು ತಿರುಗುವ ಮೀಟರು ಹಚ್ಚಿ ತೋರಿಸಿದ. ಮುಳ್ಳು ಮೊದಲು ಸರಸರ ಏರಿತು, ಅರ್ಧ ದಾಟಿದ ಮೇಲೆ ಮೆಲ್ಲಗಾಯಿತು, ಆಮೇಲೆ ಸರಿಯುತ್ತಿದೆಯೋ ಇಲ್ಲವೋ ಅನ್ನುವಷ್ಟು ಮೆಲ್ಲಗಾಯಿತು. ಸುಲೋಚನಾ ಕಣ್ಣು ಮಿಟುಕಿಸದೆ ನೋಡಿದಳು.

“ನಳಾನೂ ಅದ ಐತಿ, ಕೊಡಾನೂ ಅದ ಐತಿ. ಮೊದಲ ಓಡಿದ್ದು ಆಮ್ಯಾಲ ಯಾಕ್ರಿ ಮೆಲ್ಲಕ ಹೊಂಟೈತಿ?”

ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಭೀಮಸೇನನಿಗೆ ಹಿಗ್ಗಾಯಿತು. ಕೊಡದ ತಳಕ್ಕೇ ನಳ ಜೋಡಿಸಿದೆ ಅಂದುಕೋ, ಎಂದ. ಕೊಡ ಖಾಲಿ ಇದ್ದಾಗ ನೀರಿಗೆ ಯಾರ ತಂಟೆಯೂ ಇಲ್ಲ, ನುಗ್ಗುತ್ತದೆ. ಒಳಗೆ ತುಂಬಿದಷ್ಟೂ ಅದು ಹೊರಗಿನದನ್ನು ಹಿಂದಕ್ಕೆ ತಳ್ಳುತ್ತದೆ. “ಪೂರಾ ತುಂಬ್ತು ಅನ್ನೋದೇ ಇಲ್ಲ ನೋಡು. ಹತ್ತಿರ ಹತ್ತಿರ ಹೋಗ್ತದ, ಅಷ್ಟ.” ಸುಲೋಚನಾ ತಲೆಯಾಡಿಸಿ, ಇನ್ನೊಂದು ಸಲ ಖಾಲಿ ಮಾಡಿ ತುಂಬಿಸ್ರಿ ಎಂದಳು. ಮನೆ ನಡೆಯಲಿ ಎಂದು ಬಂದವಳು ಅವಳು. ಆದರೆ ವಾರದೊಳಗೆ ಕೆಲಸವೇ ಅವಳನ್ನು ಹಿಡಿದುಕೊಂಡಿತು. ಊಟದ ಹೊತ್ತಿನಲ್ಲೂ ಹಾಳಾದ ಬೋರ್ಡು ಎತ್ತಿಕೊಂಡು, ಇದು ಯಾಕೆ ಕೆಟ್ಟಿತು ಎಂದು ನೋಡುತ್ತ ಕೂರುತ್ತಿದ್ದಳು.

ಈ ತುಂಬುವ ಹೊತ್ತಿನ ಮೇಲೆಯೇ ಶೆಡ್ಡಿನ ಹೆಸರು ನಿಂತಿತ್ತು. ಕರೆಂಟು ಹೋಗಿ ತಟ್ಟನೆ ವಾಪಸು ಬಂದರೆ ಫ್ರಿಜ್ಜಿನ ಕಂಪ್ರೆಸರ್ ಒಳಗಿನ ಒತ್ತಡ ಇಳಿದಿರುವುದಿಲ್ಲ. ಆ ಗಳಿಗೆಯಲ್ಲಿ ಕರೆಂಟು ಕೊಟ್ಟರೆ ಅದು ತಿರುಗಲಾರದೆ ಗುಂಯ್ ಎಂದು ಬಿಸಿಯಾಗಿ ಸುಟ್ಟುಹೋಗುತ್ತದೆ. ಅದಕ್ಕೇ ಸ್ಟೆಬಿಲೈಸರ್ ಮೂರು ನಿಮಿಷ ತಡೆಯುತ್ತದೆ. ತಡೆಯುವುದು ಎಂದರೆ ಇಷ್ಟೇ: ಹತ್ತು ಲಕ್ಷ ಓಮ್‌ನ ಒಂದು ರೆಸಿಸ್ಟರ್, ಅದರ ಮೂಲಕ ಹನಿ ಹನಿಯಾಗಿ ತುಂಬಿಕೊಳ್ಳುವ ಒಂದು ಕೆಪಾಸಿಟರ್. ಗುರುತಿನ ಮಟ್ಟಕ್ಕೆ ಬಂದೊಡನೆ ರಿಲೇ ಎಂಬ ಸ್ವಿಚ್ಚು ಟಕ್ ಎಂದು ಬೀಳುತ್ತದೆ, ಫ್ರಿಜ್ಜಿಗೆ ಕರೆಂಟು ಹೋಗುತ್ತದೆ. ಹತ್ತು ಲಕ್ಷ ಓಮ್ ಎಂದರೆ ಕಂದು, ಕಪ್ಪು, ಹಸಿರು. ಅದೇ ಬೋರ್ಡಿನಲ್ಲಿ ಬೇರೆ ಕೆಲಸಕ್ಕೆ ಬರುವ ಸಾವಿರ ಓಮ್‌ನದು ಕಂದು, ಕಪ್ಪು, ಕೆಂಪು. ಹತ್ತು ಲಕ್ಷದ ಜಾಗದಲ್ಲಿ ಸಾವಿರದ್ದು ಕೂತರೆ ಮೂರು ನಿಮಿಷ ಹೋಗಿ ಕಣ್ಣು ರೆಪ್ಪೆ ಬಡಿಯುವಷ್ಟೂ ಉಳಿಯುವುದಿಲ್ಲ.

ಸುಲೋಚನಾ ಐದು ವರ್ಷದಲ್ಲಿ ಶೆಡ್ಡಿನ ಅತ್ಯಂತ ಚುರುಕಿನ ಕೈ ಎನಿಸಿಕೊಂಡಳು. ಗುಜರಾತಿ ಹೆಂಗಸರು ತಮ್ಮ ಬೋರ್ಡು ಕೆಟ್ಟರೆ ಭೀಮಸೇನನ ಹತ್ತಿರ ಬರುವ ಮೊದಲು ಸುಲೋಚನಾಬೆನ್ ಹತ್ತಿರ ಹೋಗುತ್ತಿದ್ದರು. ಬರುವ ದೀಪಾವಳಿಗೆ ಅವಳನ್ನೇ ಲೈನಿನ ಮೇಲ್ವಿಚಾರಕಿ ಮಾಡೋಣ ಎಂದು ಶೇಠ್ ಭೀಮಸೇನನೆದುರು ಒಂದೆರಡು ಸಲ ಅಂದಿದ್ದರು. ಅವನು ಅದನ್ನು ಅವಳಿಗೆ ಹೇಳಿಯೂ ಇದ್ದ. ಅವಳು ಮುಖ ಅರಳಿಸಿ, “ನಿಮ್ಮ ಪುಣ್ಯಾರಿ ಅಣ್ಣಾರ” ಅಂದಿದ್ದಳು.

ಎರಡು ಸಾವಿರದ ಒಂದರ ಜನವರಿ ಇಪ್ಪತ್ತಾರಕ್ಕೆ ಭೂಮಿ ನಡುಗಿತು. ಆ ದಿನದ ಸಂಕಟ ಅಹಮದಾಬಾದಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಜೆಯ ದಿನವಾದ್ದರಿಂದ ಶೆಡ್ಡು ಖಾಲಿ ಇತ್ತು, ಗೋಡೆಗಳೂ ನಿಂತವು. ಆದರೆ ನಾಲ್ಕು ದಿನ ಬಿಟ್ಟು ಬೀಗ ತೆಗೆದರೆ ಒಳಗೆ ರ‍್ಯಾಕುಗಳೆಲ್ಲ ಬೋರಲು ಬಿದ್ದಿದ್ದವು. ಬೇಸಿಗೆಯ ಮಾಲಿಗೆಂದು ತರಿಸಿಟ್ಟಿದ್ದ ಸುಮಾರು ಇಪ್ಪತ್ತು ಸಾವಿರ ರೆಸಿಸ್ಟರ್‌ಗಳು ಪುಡಿಕೆ ಹರಿದು ನೆಲದ ತುಂಬ ಕಲೆತು ಬಿದ್ದಿದ್ದವು.

ಹೊಸದು ತರಿಸೋಣವೆಂದರೆ ಲಾರಿಗಳೆಲ್ಲ ಪರಿಹಾರದ ಸಾಮಾನು ಹೊತ್ತು ಕಚ್ಛ್ ಕಡೆ ಹೊರಟಿದ್ದವು. ಮಾರ್ಚಿಗೆ ಮೊದಲು ಮಾಲು ಹೋಗಬೇಕು. ಎಲ್ಲ ಕೂತು ಆರಿಸಿರಿ, ಮೂರು ದಿನದಲ್ಲಿ ಮುಗಿಸಿರಿ ಎಂದರು ಶೇಠ್. ಹೆಂಗಸರು ಅಕ್ಕಿ ಆರಿಸುವ ಹಾಗೆ ವೃತ್ತವಾಗಿ ಕೂತರು. ಬೆರಳುಗಳು ಹರಿದಾಡಿದವು, ಡಬ್ಬಿಗಳು ತುಂಬತೊಡಗಿದವು. ಭೀಮಸೇನನೂ ಒಂದು ಡಬ್ಬಿ ಹಿಡಿದು, ತೊಡೆಯ ಮೇಲೆ ಮೀಟರ್ ಇಟ್ಟುಕೊಂಡು ಕೂತ. ಒಂದೊಂದನ್ನೇ ಮುಳ್ಳಿಗೆ ಹಿಡಿದು, ಅಂಕಿ ನಿಲ್ಲುವ ತನಕ ಕಾದು, ಡಬ್ಬಿಗೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಉಳಿದವರ ಡಬ್ಬಿ ಮೂರು ಮೂರು ಸಲ ತುಂಬಿದ್ದವು, ಅವನದರ ತಳವೂ ಮುಚ್ಚಿರಲಿಲ್ಲ.

ಶೇಠ್ ಬಂದು ನೋಡಿ ನಕ್ಕರು. “ಭೀಮಭಾಯಿ, ಇದಕ್ಕೂ ಮೀಟರಾ? ಹೀಗಾದರೆ ದೀಪಾವಳಿಗೆ ಮುಗಿಸ್ತೀರಿ. ಕೆಂಪು ಹಸಿರು ಬೇರೆ ಮಾಡೋದು ಚಿಕ್ಕ ಮಕ್ಕಳಿಗೂ ಬರುತ್ತಲ್ಲ.”

ಸುತ್ತ ಕೂತಿದ್ದ ಹೆಂಗಸರೆಲ್ಲ ನಕ್ಕರು. ದುಃಖದ ದಿನಗಳು, ನಗಲು ಏನೋ ಒಂದು ಸಿಕ್ಕಿತು ಎಂದು ನಕ್ಕರು ಅಷ್ಟೆ, ಅದರಲ್ಲಿ ಕುಹಕವಿರಲಿಲ್ಲ. ಸುಲೋಚನಾ ಮಾತ್ರ ನಗಲಿಲ್ಲ. ಅದನ್ನು ಭೀಮಸೇನ ಆಗ ಗಮನಿಸಲಿಲ್ಲ. ಅವನ ಕಿವಿ ಬಿಸಿಯಾಗಿತ್ತು. ಆಗಲೇ ಹೇಳಬಹುದಿತ್ತು. ಶೇಠ್‌ಜಿ, ನನಗೆ ಬಣ್ಣ ಕಾಣುವುದಿಲ್ಲ, ನನ್ನನ್ನು ರ‍್ಯಾಕು ಎತ್ತಿ ನಿಲ್ಲಿಸುವುದಕ್ಕೆ ಹಾಕಿ ಎಂದರೆ ಯಾರೂ ಅವನನ್ನು ನುಂಗುತ್ತಿರಲಿಲ್ಲ. ಮನುಷ್ಯ ಹಾಗೆ ಮಾಡುವುದಿಲ್ಲ, ಅದೇ ತಾನೆ ತೊಂದರೆ. ಮೀಟರನ್ನು ಪಕ್ಕಕ್ಕಿಟ್ಟ. ಎಲ್ಲರಂತೆ ಕಣ್ಣಿನಿಂದ ಆರಿಸತೊಡಗಿದ. ಮೂರನೆಯ ಪಟ್ಟೆ ತುಸು ಹೊಳೆದರೆ ಹಸಿರು, ಮಂಕಾದರೆ ಕೆಂಪು ಎಂದು ತನಗೆ ತಾನೇ ಒಂದು ನಿಯಮ ಮಾಡಿಕೊಂಡ. ಮೂರು ದಿನದಲ್ಲಿ ಸುಮಾರು ಮೂರು ಸಾವಿರ ಆರಿಸಿದ.

ತಪ್ಪು ಹಿಡಿಯಲು ಇನ್ನೊಂದು ಬಾಗಿಲಿತ್ತು. ಪ್ರತಿ ಸ್ಟೆಬಿಲೈಸರನ್ನೂ ಹೊರಗೆ ಕಳಿಸುವ ಮೊದಲು ಹಚ್ಚಿ, ಗಡಿಯಾರ ಹಿಡಿದು ಮೂರು ನಿಮಿಷ ಕಾಯುವುದು ಭೀಮಸೇನನ ಪದ್ಧತಿ. ಆ ವರ್ಷ ಕಾಯಲು ಯಾರಿಗೂ ಪುರುಸೊತ್ತಿರಲಿಲ್ಲ. ಹತ್ತಕ್ಕೆ ಒಂದು ನೋಡಿದರೆ ಸಾಕು ಎಂದರು ಶೇಠ್. ಇವನು ಹೂಂ ಎಂದು ಚೀಟಿಗೆ ಸಹಿ ಹಾಕಿದ.

ಏಪ್ರಿಲ್ ಮುಗಿಯುವ ಹೊತ್ತಿಗೆ ರಾಜಕೋಟ್‌ನಿಂದ, ಭಾವನಗರದಿಂದ, ವಡೋದರಾದಿಂದ ದೂರು ಬಂತು. ಸ್ಟೆಬಿಲೈಸರ್ ತಡೆಯುತ್ತಿಲ್ಲ, ಕಂಪ್ರೆಸರ್ ಸುಟ್ಟಿದೆ. ವಾಪಸು ಬಂದ ಪೆಟ್ಟಿಗೆಗಳಲ್ಲಿ ಮೊದಲನೆಯದನ್ನು ಭೀಮಸೇನ ಬಿಚ್ಚಿದ. ಹತ್ತು ಲಕ್ಷ ಇರಬೇಕಾದ ಜಾಗಕ್ಕೆ ಮೀಟರ್ ಹಚ್ಚಿದ. ಸಾವಿರ ಎಂದು ತೋರಿಸಿತು. ಎರಡನೆಯದು, ಮೂರನೆಯದು, ಎಲ್ಲದರಲ್ಲೂ ಅದೇ. ಒಟ್ಟು ನಲವತ್ತಮೂರು ಪೆಟ್ಟಿಗೆ.

ಪ್ರತಿ ಬೋರ್ಡಿನ ಹಿಂದೆ ಅದನ್ನು ಜೋಡಿಸಿದವರ ಹೆಸರಿನ ಚೀಟಿ ಅಂಟಿಸುವುದು ಆ ಶೆಡ್ಡಿನ ಕ್ರಮ. ನಲವತ್ತಮೂರರ ಮೇಲೂ ಸುಲೋಚನಾಳ ಹೆಸರು. ಇದು ಹೇಗೆ ಎಂದು ಭೀಮಸೇನನಿಗೆ ಹೊಳೆಯಲು ತಡವಾಗಲಿಲ್ಲ; ತಾನು ಆರಿಸಿದ ಡಬ್ಬಿ ಅವಳ ಟೇಬಲ್ಲಿಗೆ ಹೋಗಿದೆ. ಆರಿಸಿಟ್ಟ ಡಬ್ಬಿಯಿಂದ ಎತ್ತಿ ಬೆಸುಗೆ ಹಾಕುವಾಗ ಯಾರೂ ಮತ್ತೆ ಪಟ್ಟೆ ಓದುತ್ತ ಕೂರುವುದಿಲ್ಲ. ದಿನಕ್ಕೆ ಸಾವಿರಾರು ಸಲ ಕೈ ಡಬ್ಬಿಗೆ ಹೋಗಿ ಬರುತ್ತದೆ. ಆದರೆ ಮೂರು ಸಾವಿರದಲ್ಲಿ ನಲವತ್ತಮೂರೇ ಹೇಗೆ ತಪ್ಪಿದವು, ಅದು ಮಾತ್ರ ಅವನಿಗೆ ತಿಳಿಯಲಿಲ್ಲ. ತನ್ನ ನಿಯಮ ಅಷ್ಟರಮಟ್ಟಿಗೆ ಸರಿ ಇತ್ತೇನೋ ಎಂದುಕೊಂಡ.

ಶೇಠ್ ಅವಳನ್ನು ಕರೆಸಿದರು. ಮೇಜಿನ ಮೇಲೆ ಬೋರ್ಡುಗಳನ್ನು ಸಾಲಾಗಿ ಇಟ್ಟಿತ್ತು. ಸುಲೋಚನಾ ಒಂದನ್ನು ಎತ್ತಿ ನೋಡಿದಳು. ಮತ್ತೆ ಸಾಲಿನಲ್ಲೇ ಕೆಳಗಿಟ್ಟಳು.

“ಐದು ವರ್ಷದ ಅನುಭವ, ಕೆಂಪು ಹಸಿರು ಗೊತ್ತಾಗಲಿಲ್ಲವಾ ಬೆನ್?” ಎಂದರು ಶೇಠ್. ಅವಳು ಭೀಮಸೇನನ ಕಡೆ ತಿರುಗಿದಳು. ತಿರುಗಿ, ಹಾಗೇ ನಿಂತಳು. ಶೇಠ್ ಕೂಡ ಅವನನ್ನೇ ಕೇಳಿದರು, “ನೀವು ಹೇಳಿ ಭೀಮಭಾಯಿ, ಇದು ಯಾರ ತಪ್ಪು?”

ಭೀಮಸೇನನ ಮಗಳು ನೇಹಾ ಆ ವರ್ಷ ಹತ್ತನೆಯ ತರಗತಿ ಮುಗಿಸಿದ್ದಳು. ನಲವತ್ತಾರು ದಾಟಿದ, ಬಣ್ಣ ಕಾಣದ ಮನುಷ್ಯನಿಗೆ ಈ ಊರಿನಲ್ಲಿ ಇನ್ನೊಂದು ಶೆಡ್ಡು ಬಾಗಿಲು ತೆರೆಯುವುದಿಲ್ಲ. ಇವೆಲ್ಲ ಅವನ ತಲೆಯಲ್ಲಿ ಒಟ್ಟಿಗೇ ಬಂದವು. ಅವಳ ಮುಖ ನೋಡಲಾರದೆ ಮೀಟರಿನ ವಯರು ಸುತ್ತುತ್ತ, “ಹಾಕೋ ಮುಂದ ನೋಡಬೇಕಿತ್ತು” ಎಂದ.

ಎರಡು ಮೂರು ಪದ, ಅಷ್ಟೆ. ಸುಳ್ಳೂ ಅಲ್ಲ, ನೋಡಬೇಕಿತ್ತು ಎನ್ನುವುದು ನಿಜವೇ. ಅದಕ್ಕಿಂತ ದೊಡ್ಡ ದ್ರೋಹವನ್ನು ಅವನು ಆವರೆಗೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದು ಶೇಠ್ ಸುಲೋಚನಾಳಿಗೆ ಹೇಳಿದರು. ಕೊಡೆ, ಊಟದ ಡಬ್ಬಿ ತೆಗೆದುಕೊಂಡು ಹೊರಗೆ ನಡೆದಳು. ಶೇಠ್ ಸುಮ್ಮನಿರುವ ಆಸಾಮಿಯಲ್ಲ. ಅಕ್ಕಪಕ್ಕದ ನಾಲ್ಕು ಶೆಡ್ಡುಗಳಿಗೆ ಹೇಳಿ ಕಳಿಸಿದರು. ಅವಳನ್ನು ಎಲ್ಲೂ ಸೇರಿಸಿಕೊಳ್ಳಲಿಲ್ಲ. ದಸರೆಯ ಹೊತ್ತಿಗೆ ಲಿಂಗರಾಜನಿಗೆ ಸೂರತ್ತಿನ ಉಧ್ನಾದಲ್ಲಿ ಮಗ್ಗಗಳ ಫಿಟ್ಟರ್ ಕೆಲಸ ಸಿಕ್ಕಿತು. ಸಂಸಾರ ಅಲ್ಲಿಗೆ ಹೋಯಿತು.

ಭೀಮಸೇನ ಅವರನ್ನು ಕಳಿಸಿಕೊಡಲು ಸ್ಟೇಷನ್ನಿಗೆ ಹೋಗಲಿಲ್ಲ. ಹೊಟ್ಟೆ ಸರಿ ಇಲ್ಲವೆಂದು ಮನೆಯಲ್ಲಿ ಮಲಗಿದ. ಆ ಮೇಲಿನ ಎರಡು ವರ್ಷ ಅವಳು ಬಿಟ್ಟುಹೋದ ಸ್ಟೂಲಿನ ಪಕ್ಕದಲ್ಲೇ ಕೆಲಸ ಮಾಡಿದ. ಆ ಜಾಗಕ್ಕೆ ಬಂದ ಪಾರ್ವತಿಬೆನ್ ಒಳ್ಳೆಯವಳು, ಆದರೆ ಏನನ್ನೂ ಕೇಳುತ್ತಿರಲಿಲ್ಲ, ಹೇಳಿದಷ್ಟು ಮಾಡುತ್ತಿದ್ದಳು. ಬೋರ್ಡು ಹಚ್ಚಿದಾಗಲೆಲ್ಲ ಭೀಮಸೇನನಿಗೆ ಒಂದು ಧ್ವನಿ ಬೇಕೆನಿಸುತ್ತಿತ್ತು. ಅದು ತಾನೇ ಕಳಿಸಿಬಿಟ್ಟ ಧ್ವನಿ ಎಂದು ನೆನಪಾಗಿ ನಾಚಿಕೆಯಾಗುತ್ತಿತ್ತು. ನಾಳೆ ಶೇಠ್‌ಗೆ ಹೇಳುತ್ತೇನೆ, ಹಬ್ಬ ಮುಗಿದ ಮೇಲೆ ಹೇಳುತ್ತೇನೆ, ಎಂದುಕೊಳ್ಳುವುದರಲ್ಲೇ ದಿನ ಕಳೆದವು.

ಎರಡು ಸಾವಿರದ ಮೂರರಲ್ಲಿ ಶೆಡ್ಡು ಮುಚ್ಚಿತು. ದೊಡ್ಡ ಕಂಪನಿಗಳ ಅಗ್ಗದ ಮಾಲಿನ ಮುಂದೆ ಶೇಠ್ ಕೈಚೆಲ್ಲಿದರು. ಕೊನೆಯ ದಿನ ಎಲ್ಲರನ್ನೂ ಕೂರಿಸಿ ಕಡಲೆಹಿಟ್ಟಿನ ಫಾಫಡಾ, ಜಲೇಬಿ ಹಂಚಿದರು. ಭೀಮಸೇನನಿಗೆ ಶಾಲು ಹೊದಿಸಿದರು. “ಹದಿನೆಂಟು ವರ್ಷದಲ್ಲಿ ಒಂದೇ ಒಂದು ಸಲ ನಮ್ಮ ಮಾಲು ಕೆಟ್ಟಿತು. ಅದೂ ಭೀಮಭಾಯಿ ತಪ್ಪಿನಿಂದಲ್ಲ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲು ಹೊದ್ದ ಮನುಷ್ಯ ಆ ಚಪ್ಪಾಳೆಯ ನಡುವೆ ಕೂತು, ಕೈಯಲ್ಲಿದ್ದ ಜಲೇಬಿಯನ್ನು ತಿನ್ನಲಾರದೆ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

ಮನೆಗೆ ಬಂದು ರಮಾಮಣಿಯ ಮುಂದೆ ಎಲ್ಲವನ್ನೂ ಹೇಳಿದ. ಹುಬ್ಬಳ್ಳಿಯ ಚುಕ್ಕೆ ಪುಸ್ತಕದಿಂದ ಹಿಡಿದು ಶಾಲಿನ ತನಕ. ಅವಳು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು.

“ಇಪ್ಪತ್ತೆರಡು ವರ್ಷ ಟೊಮೆಟೊ ಸಲುವಾಗಿ ನಿಮ್ಮನ್ನ ಬೈದೆನಲ್ರಿ” ಎಂದಳು ಮೊದಲು. ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು, “ನನ್ನ ಮುಂದ ಹೇಳಿ ಏನು ಉಪಯೋಗ. ಆಕಿ ಮುಂದ ಹೋಗಿ ಹೇಳ್ರಿ” ಎಂದಳು.

ಮುಂದಿನ ಭಾನುವಾರ ಭೀಮಸೇನ ಸೂರತ್ತಿಗೆ ಹೋಗುವ ಬೆಳಗಿನ ಗಾಡಿ ಹತ್ತಿದ. ವಡೋದರಾದಲ್ಲಿ ಇಳಿದುಬಿಡೋಣ, ಶೇಠ್ ಈಗ ಅಲ್ಲೇ ಮಗಳ ಮನೆಯಲ್ಲಿದ್ದಾರೆ, ಅವರಿಗೇ ಹೇಳಿ ಒಂದು ಪತ್ರ ಬರೆಸಿಕೊಂಡು ಹೋಗೋಣ ಎನಿಸಿತು. ಅದೂ ಒಂದು ನೆಪವೇ ಎಂದು ಅವನಿಗೇ ಗೊತ್ತಾಯಿತು. ಇಳಿಯಲಿಲ್ಲ. ಸೂರತ್ತಿನಲ್ಲಿ ರಿಕ್ಷಾ ಹಿಡಿದು ಉಧ್ನಾಗೆ ಹೋದ. ಮಗ್ಗಗಳ ಸದ್ದಿಗೆ ರಸ್ತೆಯೇ ನಡುಗುತ್ತಿತ್ತು. ಮೂರು ಕಡೆ ವಿಚಾರಿಸಿ, ಒಂದು ಚಾಳಿನ ಮೊದಲ ಮಹಡಿಯ ಕೊನೆಯ ಮನೆಯ ಬಾಗಿಲು ತಟ್ಟಿದ. ಆರು ವರ್ಷದ ಹುಡುಗಿ ಬಾಗಿಲು ತೆರೆದಳು. ಪ್ರಾರ್ಥನಾ, ಸುಲೋಚನಾಳ ಮಗಳು. ಅಹಮದಾಬಾದಿನಲ್ಲಿ ಇವನ ಮಡಿಲಲ್ಲಿ ಆಡಿದವಳು ಗುರುತು ಹಿಡಿಯದೆ, “ಮಮ್ಮಿ, ಕೋಯಿ ಅಂಕಲ್ ಆಯೇ ಹೈ” ಎಂದು, ಯಾರೋ ಬಂದಿದ್ದಾರೆಂದು ಹಿಂದಿಯಲ್ಲಿ ಒಳಗೆ ಕೂಗಿದಳು.

ಸುಲೋಚನಾ ನೆಲದ ಮೇಲೆ ಸೀರೆಯೊಂದನ್ನು ಹರವಿಕೊಂಡು ಅದಕ್ಕೆ ಗೋಂದಿನಿಂದ ಬಣ್ಣದ ಟಿಕಳಿ ಎಂಬ ಮಿನುಗು ಬಿಲ್ಲೆಗಳನ್ನು ಅಂಟಿಸುತ್ತಿದ್ದಳು. ತಲೆಯೆತ್ತಿ ನೋಡಿದಳು. “ಬರ್ರಿ ಅಣ್ಣಾರ” ಎಂದಳು. ನೀರು ತಂದು ಕೊಟ್ಟಳು. ರಮಾಮಣಿ ವೈನಿ ಆರಾಮಾ, ನೇಹಾ ಏನು ಓದುತ್ತಾಳೆ ಎಂದು ಕೇಳಿದಳು. ಆಮೇಲೆ ಮತ್ತೆ ಸೀರೆಯ ಮುಂದೆ ಕೂತಳು.

“ಸುಲೋಚನಾ, ಆ ರೆಸಿಸ್ಟರ್ ತಪ್ಪು ನಂದು” ಎಂದ ಭೀಮಸೇನ. “ನನಗ ಕೆಂಪು ಹಸಿರು ಕಾಣೂದಿಲ್ಲ. ಹುಟ್ಟಿನಿಂದ ಕಾಣೂದಿಲ್ಲ. ಆ ಡಬ್ಬಿ ಆರಿಸಿದವನು ನಾನು.”

“ಗೊತ್ತೈತ್ರಿ.”

“ಏನು ಗೊತ್ತದ?”

“ಎಲ್ಲಾ.” ಅವಳು ಒಂದು ಟಿಕಳಿಯನ್ನು ಬೆರಳ ತುದಿಯಿಂದ ಒತ್ತಿದಳು. “ಕೆಲಸಕ್ಕ ಬಂದು ಎರಡು ತಿಂಗಳಾಗಿತ್ತು. ಕೆಂಪು ವಯರ್ ಕೊಡು ಅಂತ ಹಸರಿನ ಕಡೆ ಕೈ ಮಾಡಿದ್ರಿ. ಒಂದು ಸಲ ಅಲ್ಲ, ಮೂರ್ನಾಕ ಸಲ. ಆವಾಗಿಂದ ಗೊತ್ತೈತಿ. ನೀವು ಮುಚ್ಚಿಟ್ಟಿದ್ದನ್ನ ನಾ ಯಾಕ ಆಡಿ ತೋರಿಸ್ಲಿ ಅಂತ ಸುಮ್ನ ಇದ್ನಿ.”

ಭೀಮಸೇನ ನೀರಿನ ಲೋಟ ಕೆಳಗಿಟ್ಟ.

“ಭೂಕಂಪದ ಮ್ಯಾಲೆ ಆರಸಾಕ ಕುಂತಾಗ ಶೇಠ್ ನಕ್ಕಿದ್ದಕ್ಕ ನೀವು ಮೀಟರ್ ಬಿಟ್ರಿ. ನನಗ ಅಲ್ಲೇ ಹೆದರಿಕಿ ಆತು. ನಿಮ್ಮ ಡಬ್ಬಿ ಬ್ಯಾರೆಯವರ ಟೇಬಲ್ಲಿಗೆ ಹೋಗಬಾರದಂತ ನಾನ ತಗೊಂಡ್ನಿ. ಸುರುವಿ ನೋಡಿದ್ರ ಮೂರರಾಗ ಒಂದು ತಪ್ಪು. ಎಂಟು ದಿನ ಊಟ ಬಿಟ್ಟು ಆರಿಸಿದೆ. ಕಡೀ ಕಡೀಗೆ ಕಣ್ಣು ಸೋತು ಹೋದವು. ಅದರಾಗ ಒಂದಿಷ್ಟು ಉಳಕೊಂಡಾವ.”

ನಲವತ್ತಮೂರೇ ಏಕೆ ಎಂಬುದು ಅವನಿಗೆ ಆಗ ತಿಳಿಯಿತು. ಸಾವಿರ ತಪ್ಪನ್ನು ಅವಳು ತಿದ್ದಿದ್ದಳು, ತಿದ್ದಲು ಬಿಟ್ಟುಹೋದದ್ದಕ್ಕೆ ಶಿಕ್ಷೆ ಅನುಭವಿಸಿದ್ದಳು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕೈ ತೆಗೆಯದೆಯೇ, “ಅವತ್ತು ಶೇಠ್ ಮುಂದ ಯಾಕ ಹೇಳಲಿಲ್ಲ ತಂಗಿ?” ಎಂದ.

“ನೀವು ಹೇಳ್ತೀರಿ ಅಂತ ಕಾದೆ” ಎಂದಳು ಸುಲೋಚನಾ. “ನಿಮ್ಮ ಮಾರಿ ನೋಡಕೋಂತ ನಿಂತಿದ್ದು ಅದಕ್ಕ. ನೋಡಬೇಕಿತ್ತು ಅಂದ್ರಿ ನೀವು.”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. “ಐದು ವರ್ಷ ಬಾಜೂಕ ಕುಂತಿದ್ದೆ ಅಣ್ಣಾರ. ಸುಲೋಚನಾ, ಇದು ಯಾವ ಬಣ್ಣ ಹೇಳು ಅಂತ ಒಂದು ದಿನ ಕೇಳಿದ್ರ ಮುಗೀತಿತ್ತು. ಯಾರಿಗೂ ಗೊತ್ತಾಗತಿರಲಿಲ್ಲ. ನನ್ನ ಕೇಳೂದು ನಿಮಗ ಅಷ್ಟು ಕಷ್ಟ ಆತಾ?”

ಅವನು ತಲೆಯೆತ್ತದೆ, ಶೇಠ್‌ಗೆ ಹೇಳುತ್ತೇನೆ, ವಡೋದರಾಗೆ ಹೋಗಿ ನಿನ್ನ ಹೆಸರಿಗೆ ಪತ್ರ ಬರೆಸಿ ತರುತ್ತೇನೆ ಎಂದ. ಅವಳು ಬೇಡವೆಂದು ತಲೆಯಾಡಿಸಿದಳು. ಮುಚ್ಚಿಹೋದ ಶೆಡ್ಡಿನ ಕಾಗದ ಇಲ್ಲಿ ಯಾರು ಕೇಳುತ್ತಾರೆ. ಹೋದ ವರ್ಷ ಇಲ್ಲೇ ಎರಡು ರಸ್ತೆ ಆಚೆ ಇನ್ವರ್ಟರ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಇತ್ತಂತೆ. ಇವಳು ಬೆಸುಗೆ ಹಾಕಿ ತೋರಿಸಿದಾಗ ಅವರಿಗೆ ಮೆಚ್ಚಿಗೆಯಾಗಿ, ಮರುದಿನದಿಂದಲೇ ಬಾ ಎಂದಿದ್ದರಂತೆ. ಲಿಂಗರಾಜ ಬಿಡಲಿಲ್ಲ. ಒಮ್ಮೆ ಮಾನ ಹೋದದ್ದು ಸಾಲದೇ, ಇಲ್ಲೂ ಏನಾದರೂ ಕೆಡಿಸಿ ನನ್ನ ಹೆಸರು ತೆಗೀತೀಯಾ ಎಂದು ಬಾಗಿಲಿಗೆ ಅಡ್ಡ ನಿಂತನಂತೆ.

“ಹೇಳೂದಿದ್ರ ಅವರಿಗೆ ಹೇಳ್ರಿ” ಎಂದಳು ಸುಲೋಚನಾ. “ನನ್ನ ಮಾತು ಅವರು ನಂಬಂಗಿಲ್ಲ. ನೀವು ಹೇಳಿದ್ರ ನಂಬ್ತಾರ.”

ಲಿಂಗರಾಜ ಹಾಲಿನ ಚೀಲ ಹಿಡಿದು ಒಳಗೆ ಬಂದವನು ಭೀಮಸೇನನನ್ನು ಕಂಡು ಹಿರಿಹಿರಿ ಹಿಗ್ಗಿದ. ಊಟ ಮಾಡದೆ ಬಿಡುವುದಿಲ್ಲ ಎಂದ, ಕುರ್ಚಿ ಎಳೆದು ಕೂರಿಸಿದ. ಸುಲೋಚನಾ ಚಹಾ ತಂದಿಟ್ಟು ಮತ್ತೆ ನೆಲದ ಮೇಲೆ ಕೂತಳು. ಭೀಮಸೇನ ಹೇಳಿದ. ಇಪ್ಪತ್ತೇಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಐದು ನಿಮಿಷದಲ್ಲಿ ಹೊರಬಂತು. ತನ್ನ ಕಣ್ಣಿನ ಕತೆ, ಡಬ್ಬಿಯ ಕತೆ, ಅವಳು ಊಟ ಬಿಟ್ಟು ಆರಿಸಿದ ಕತೆ, ತಾನು ಶೇಠ್ ಮುಂದೆ ಆಡಿದ ಮಾತು. ಯಾವುದನ್ನೂ ಮೆದು ಮಾಡಲಿಲ್ಲ. “ಸುಲೋಚನಾಂದು ಏನೂ ತಪ್ಪಿರಲಿಲ್ಲ ಲಿಂಗರಾಜ. ಅಕಿ ಹಂಗ ಕೆಲಸ ಬಲ್ಲವರು ಆ ಶೆಡ್ಡಿನಾಗ ಯಾರೂ ಇರಲಿಲ್ಲ, ನಾನೂ ಅಲ್ಲ” ಎಂದು ಮುಗಿಸಿದ.

ಲಿಂಗರಾಜ ಚಹಾ ಕುಡಿದು ಮುಗಿಸಿದ. ಆಮೇಲೆ ಭೀಮಸೇನನ ಮೊಣಕಾಲಿನ ಮೇಲೆ ಕೈಯಿಟ್ಟು ದೊಡ್ಡ ಮನಸ್ಸಿನಿಂದ ನಕ್ಕ.

“ಇಷ್ಟಕ್ಕ ಅಹಮದಾಬಾದಿಂದ ಬಂದ್ರೇನ್ರಿ? ಹೋಗಲಿ ಬಿಡ್ರಿ ಅಣ್ಣಾರ. ಬೇಕಂತ ಮಾಡಿದ್ದಲ್ಲ. ನಾವು ಅದನ್ನ ಯಾವಾಗೋ ಮರತೇವಿ. ಒಂದು ಲೆಕ್ಕಕ್ಕ ಚಲೋನ ಆತು, ಮನ್ಯಾಗ ಇರ್ತಾಳ, ಹುಡುಗೀನ ನೋಡ್ಕೋತಾಳ. ನೀವು ಮನಸಿನ್ಯಾಗ ಇಟ್ಕೋಬ್ಯಾಡ್ರಿ.”

ಹೇಳಬಾರದು, ಆದರೆ ಭೀಮಸೇನನ ಎದೆ ಆ ಮಾತಿಗೆ ಹಗುರಾಯಿತು. ಎರಡು ವರ್ಷದ ಭಾರ ಇಳಿಸಿ ಕೆಳಗಿಟ್ಟ ಹಾಗಾಗಿ, ಕೃತಜ್ಞತೆಯಿಂದ ಲಿಂಗರಾಜನ ಕೈ ಹಿಡಿದುಕೊಂಡ. ಇಬ್ಬರೂ ಊರಿನ ಮಾತು ತೆಗೆಯುವುದರಲ್ಲಿದ್ದರು.

“ನನಗ ಆ ಕೆಲಸ ಬೇಕಾಗಿತ್ತು” ಎಂದಳು ಸುಲೋಚನಾ.

ಸೀರೆಯಿಂದ ತಲೆ ಎತ್ತದೆ, ಧ್ವನಿ ಏರಿಸದೆ ಅಂದಳು. ಲಿಂಗರಾಜ ಹೆಂಡತಿಯನ್ನು ನೋಡಿದ. ಭೀಮಸೇನ ಹಿಡಿದಿದ್ದ ಕೈ ಬಿಟ್ಟ. ಮನ್ನಿಸಬೇಕಾದವಳು ಇನ್ನೂ ಏನೂ ಹೇಳಿಲ್ಲ ಎಂದು ಅವನಿಗೆ ಆಗ ಅರಿವಾಯಿತು. ಏನಾದರೂ ಹೇಳುತ್ತಾಳೇನೋ ಎಂದು ಕಾದ. ಅವಳು ಮುಂದಿನ ಟಿಕಳಿಗೆ ಗೋಂದು ಹಚ್ಚಿದಳು.